ವಿಮಾನದ ಯೋಗ್ಯತೆಯೂ ನಮ್ಮ ಯೋಗ್ಯತೆಯೂ

ಕಳೆದ ಮಳೆಗಾಲದ ಒಂದು ಸಂಜೆ ನಾವು ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣದಲ್ಲಿ ಬೆಂಗಳೂರಿನ ವಿಮಾನಕ್ಕಾಗಿ ಕಾದು ಕುಳಿತಿದ್ದೆವು. ವಿಮಾನವು ಗಾಜಿನ ಗೋಡೆಯಾಚೆ ಕಣ್ಣೆದುರಿಗೇ ನಿಂತಿದ್ದಿತು. ಆದರೆ ಹೊರಡುವ ವೇಳೆ ಮೀರಿ ಎರಡು ತಾಸುಗಳಾಗಿದ್ದವು. ಅದರ ಗಾಲಿಯ ಬಳಿ ಒಬ್ಬ ತರುಣ ಯಂತ್ರಜ್ಞನು ಕೈದೀಪ ಹಿಡಿದು ಮೊಣಕಾಲೂರಿದ್ದನು. ಒಮ್ಮೆ ಏಳುವನು; ಕೈಯೊಳಗಿನ ಪುಟಗಳನ್ನು ತಿರುವುವನು; ಮತ್ತೆ ಬಗ್ಗುವನು. ನಮ್ಮ ಮಗ್ಗುಲಲ್ಲಿದ್ದ ಸವಣೂರ ಕಡೆಯ ವರ್ತಕರೊಬ್ಬರ ಸಹನೆ ತೀರಿತು. "ಹಣ ತೆಗೆದುಕೊಳ್ಳುವಾಗ ಒಂದು ನಿಮಿಷ ತಡಮಾಡುವದಿಲ್ಲ, ಹೊರಡಿಸುವಾಗ ಮಾತ್ರ ಗಾಲಿ ನೋಡುತ್ತ ಕೂಡ್ರುತ್ತೀರಿ!" ಎಂದು ಅವರು ಮೇಜಿನ ಹಿಂದಿದ್ದ ಹುಡುಗಿಯನ್ನು ಗದರಿಸಿದರು. ಹತ್ತಾರು ಜನ ಹೌದೆಂದರು. ಆ ಹತ್ತಾರು ಜನರಲ್ಲಿ ಈ ಪತ್ರದ ಸಂಪಾದಕನೂ ಒಬ್ಬನು. ಆ ರಾತ್ರಿ ಬೆಂಗಳೂರಿನಲ್ಲಿ ಸುಖವಾಗಿ ನೆಲ ಮುಟ್ಟಿದಾಗ ನಮಗೆ ನಾಚಿಕೆಯಾಯಿತು. ನಮ್ಮ ಪ್ರಾಣಕ್ಕಾಗಿ ಮಳೆಯಲ್ಲಿ ಮೊಣಕಾಲೂರಿದವನನ್ನೇ ನಾವು ಬೈದಿದ್ದೆವು. ಆ ನಾಚಿಕೆಯೇ ಇಂದಿನ ಈ ಬರಹಕ್ಕೆ ಕಾರಣ.

ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ತಾಲೂಕುಗಳ ಓದುಗರಿಗೆ ವಿಮಾನದ ಮಾತು ಏತಕ್ಕೆಂದು ಕೇಳುವವರು ಇರಬಹುದು. ಆ ಕಾಲ ಹೋಯಿತು. ಮೊದಲಿನ ಮೂರು ತಾಲೂಕುಗಳವರು ಹುಬ್ಬಳ್ಳಿಗೆ ಹೋಗಿ ವಿಮಾನವೇರುತ್ತಾರೆ. ಶಿವಮೊಗ್ಗೆಯಲ್ಲಿ 2023ರ ಫೆಬ್ರುವರಿಯಲ್ಲಿ ನಿಲ್ದಾಣ ತೆರೆದ ಮೇಲೆ ಹಿರೇಕೆರೂರಿನವರಿಗೆ ಆ ದಾರಿ ಹತ್ತಿರವಾಗಿದೆ. ರೈಲಿನ ಮುಖ ಕಾಣದ ಹಿರೇಕೆರೂರ ಪೇಟೆಯ ಮನುಷ್ಯನು ಇಂದು ವಿಮಾನದ ಪ್ರಯಾಣಿಕನಾಗಿದ್ದಾನೆ. ರಜೆಗೆ ಬರುವ ಸೈನಿಕನು, ಪರವೂರಿನಲ್ಲಿ ಓದುವ ಮಗಳು, ದೊಡ್ಡ ಆಸ್ಪತ್ರೆಗೆ ಹೊರಟ ಹಿರಿಯರು—ಇವರೆಲ್ಲರೂ ನಮ್ಮ ಮನೆಯವರೇ. ಹುಬ್ಬಳ್ಳಿಯಲ್ಲಿಯೇ 2015ರ ಮಾರ್ಚಿ 8ರ ಮಳೆಯ ಸಂಜೆ ಬೆಂಗಳೂರಿನಿಂದ ಬಂದ ವಿಮಾನವೊಂದು ಓಡುದಾರಿಯನ್ನು ಬಿಟ್ಟು ಹೊರಳಿ, ಗಾಲಿಯ ಕಾಲು ಮುರಿದು ಕುಳಿತುದನ್ನು ನಮ್ಮ ಭಾಗದವರು ಮರೆತಿರಲಾರರು. ಅಂದು ಯಾರೂ ಸಾಯಲಿಲ್ಲ. ಆದರೆ ಪ್ರತಿ ಸಲವೂ ದೈವವನ್ನೇ ಕಾವಲಿಗೆ ನಿಲ್ಲಿಸುವದು ಬುದ್ಧಿವಂತರ ಲಕ್ಷಣವಲ್ಲ.

ವಿಮಾನದ ತಪಾಸಣೆಯೆಂದರೆ ಏನೋ ಗೂಢವಿದ್ಯೆಯೆಂದು ತಿಳಿಯಬೇಕಾಗಿಲ್ಲ. ಸುಗ್ಗಿಯ ಕಾಲಕ್ಕೆ ಚಕ್ಕಡಿ ಹೂಡುವ ನಮ್ಮ ರೈತನು ಅದರ ತತ್ತ್ವವನ್ನು ಬಲ್ಲನು. ಹೊರಡುವ ಮುನ್ನ ಅವನು ಅಚ್ಚಿಗೆ ಕೀಲೆಣ್ಣೆ ಹಾಕುವನು. ಕಡಾಣಿ ಇದೆಯೋ ಇಲ್ಲವೋ ಎಂದು ಕೈಯಿಂದ ಮುಟ್ಟಿ ನೋಡುವನು. ವರ್ಷಕ್ಕೊಮ್ಮೆ ಗಾಲಿಯನ್ನು ಬಡಿಗನಲ್ಲಿಗೂ ಕಮ್ಮಾರನಲ್ಲಿಗೂ ಒಯ್ಯುವನು. ನಿತ್ಯ ನೋಡತಕ್ಕದ್ದು ಬೇರೆ, ವರ್ಷಕ್ಕೊಮ್ಮೆ ಬಿಚ್ಚಿ ನೋಡತಕ್ಕದ್ದು ಬೇರೆ ಎಂಬ ವಿವೇಕವು ಅವನಿಗುಂಟು. ವಿಮಾನದಲ್ಲಿಯೂ ಹೀಗೆಯೇ. ಪ್ರತಿ ಹಾರಾಟಕ್ಕೆ ಮೊದಲು ಅದನ್ನು ಸುತ್ತುವರಿದು ನೋಡಬೇಕು. ಕೆಲವು ನೂರು ತಾಸು ಹಾರಿದ ಮೇಲೆ 'ಎ' ತಪಾಸಣೆ. ಒಂದೂವರೆ ಎರಡು ವರ್ಷಗಳಿಗೊಮ್ಮೆ ಹಲಗೆಗಳನ್ನು ಬಿಚ್ಚಿ ಮಾಡುವ 'ಸಿ' ತಪಾಸಣೆ. ಆರರಿಂದ ಹನ್ನೆರಡು ವರ್ಷಗಳ ಅವಧಿಯಲ್ಲಿ ಒಮ್ಮೆ ಇಡಿಯ ವಿಮಾನವನ್ನು ಎಲುಬುಗೂಡಾಗುವವರೆಗೆ ಬಿಚ್ಚಿ, ಬಿರುಕು ತುಕ್ಕುಗಳನ್ನು ಹುಡುಕಿ, ಮತ್ತೆ ಕಟ್ಟುವ ಮಹಾತಪಾಸಣೆ. ರೆಕ್ಕೆ ಬಾಲಗಳನ್ನು ಆಡಿಸುವ ಸೂತ್ರಗಳನ್ನು ಮುಟ್ಟಿದರಂತೂ ಒಬ್ಬನು ಮಾಡಿದ ಕೆಲಸವನ್ನು ಇನ್ನೊಬ್ಬನು ಪ್ರತ್ಯೇಕವಾಗಿ ನೋಡಿ ಒಪ್ಪಬೇಕು.

ಈ ಕೆಲಸವನ್ನೆಲ್ಲ ಮಾಡಿದ ಮೇಲೆ ಕಾಯಿದೆಯು ಕೇಳುವದು ಕೊನೆಗೆ ಒಂದು ಸಹಿಯನ್ನು. ಪರವಾನಿಗೆ ಪಡೆದ ಯಂತ್ರಜ್ಞನು "ಈ ವಿಮಾನವು ಸೇವೆಗೆ ಯೋಗ್ಯ" ಎಂದು ಸಹಿ ಮಾಡದೆ ದುರಸ್ತಿಗೊಂಡ ವಿಮಾನವು ಏಳುವಂತಿಲ್ಲ. ಇದಲ್ಲದೆ ಪ್ರತಿಯೊಂದು ವಿಮಾನಕ್ಕೂ ಹಾರಾಟಯೋಗ್ಯತೆಯ ಪ್ರಮಾಣಪತ್ರವಿರಬೇಕು. ಅದರ ಮೇಲೆ ವರ್ಷಕ್ಕೊಮ್ಮೆ ದಾಖಲೆಗಳನ್ನೂ ವಿಮಾನವನ್ನೂ ಒರೆಗೆ ಹಚ್ಚಿ ಕೊಡುವ ಮರುಪರಿಶೀಲನಾ ಪತ್ರವಿರಬೇಕು. ಸಣ್ಣಪುಟ್ಟ ದೋಷವಿದ್ದಾಗ ಹಾರಲು ಅಪ್ಪಣೆಯುಂಟಾದರೂ ಅದಕ್ಕೂ ಮುದ್ದತು ಗೊತ್ತುಮಾಡಿದೆ: ಕೆಲವು ದೋಷಗಳನ್ನು 3 ದಿನಗಳೊಳಗೆ, ಕೆಲವನ್ನು 10 ದಿನಗಳೊಳಗೆ, ಕೆಲವನ್ನು 120 ದಿನಗಳೊಳಗೆ ಸರಿಪಡಿಸಲೇಬೇಕು. ಆಂಗ್ಲರ ಕಾಲದ 1934ರ ವಿಮಾನ ಕಾಯಿದೆಯು ಹೋಗಿ, 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮವು ಜಾರಿಗೆ ಬಂದಿದೆ. ಹೆಸರು ನಮ್ಮದಾದುದು ಸಂತೋಷವೇ. ಆದರೆ ಯಾವ ಹೆಸರಿನ ಕಾಯಿದೆಯಾದರೂ ಅದು ಕೊನೆಗೆ ನಿಂತಿರುವದು ಸಹಿ ಮಾಡುವವನ ಸತ್ಯನಿಷ್ಠೆಯ ಮೇಲೆ. ಆ ನಿಷ್ಠೆಗೆ ನಾವು ಕೊಡುವ ಆಶ್ರಯದ ಮೇಲೆ.

ಆ ಆಶ್ರಯವು ಎಷ್ಟು ಗಟ್ಟಿಯಾಗಿದೆ? ಇತ್ತೀಚಿನ ಸಂಗತಿಗಳನ್ನೇ ನೋಡಬಹುದು. 2025ರ ನವೆಂಬರ 24 ಮತ್ತು 25ರಂದು ಏರ್ ಇಂಡಿಯಾ ಕಂಪನಿಯ ಒಂದು ಏರ್‌ಬಸ್ ಎ320 ವಿಮಾನವು ಮರುಪರಿಶೀಲನಾ ಪತ್ರದ ಅವಧಿ ಮುಗಿದಿದ್ದರೂ ಪ್ರಯಾಣಿಕರನ್ನು ಹೊತ್ತು ಎಂಟು ಸಲ ಹಾರಿತು. ಇದು ನಡೆದ ಬಗೆಯನ್ನು ಗಮನಿಸಬೇಕು. ವಿಸ್ತಾರಾ ಕಂಪನಿಯು ಏರ್ ಇಂಡಿಯಾದಲ್ಲಿ ವಿಲೀನವಾದ ಬಳಿಕ ಅದರ 70 ವಿಮಾನಗಳ ಪತ್ರಗಳನ್ನು ಮೊದಲ ಸಲ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವೇ ನೋಡಿ ನವೀಕರಿಸಬೇಕಾಗಿತ್ತು. 69 ಮುಗಿದವು. ಎಪ್ಪತ್ತನೆಯದು ಇಂಜಿನು ಬದಲಾಯಿಸಲಿಕ್ಕೆಂದು ನಿಂತಿತ್ತು. ನಿಂತಿರುವಾಗಲೇ ಅದರ ಪತ್ರದ ಅವಧಿ ತೀರಿತು. ಇಂಜಿನು ಕೂಡ್ರಿಸಿದೊಡನೆ ಅದನ್ನು ಸೇವೆಗೆ ಬಿಟ್ಟರು. ತಪ್ಪನ್ನು ಕಂಪನಿಯೇ ನಿರ್ದೇಶನಾಲಯಕ್ಕೆ ತಿಳಿಸಿತು. ಆ ಪ್ರಾಮಾಣಿಕತೆಗೆ ನಾವು ಮಾನ್ಯತೆ ಕೊಡುತ್ತೇವೆ. ಆದರೆ ಹೊಸ ಇಂಜಿನನ್ನು ನೋಡಿದ ಕಣ್ಣುಗಳು ಹಳೆಯ ತಾರೀಖನ್ನು ನೋಡಲಿಲ್ಲ. "ವಿಮಾನವು ಚೆನ್ನಾಗಿಯೇ ಇತ್ತಲ್ಲ, ಕಾಗದದ್ದೇನು?" ಎಂಬವರಿಗೆ ನಮ್ಮ ಉತ್ತರವಿಷ್ಟೇ: ವಿಮಾನವು ಚೆನ್ನಾಗಿದೆ ಎಂದು ತಿಳಿಯುವ ದಾರಿಯೇ ಆ ಕಾಗದ. ಒಂದು ತಾರೀಖು ಕಣ್ತಪ್ಪಿದ ಕಛೇರಿಯಲ್ಲಿ ಒಂದು ಬಿರುಕು ಕಣ್ತಪ್ಪಲಾರದೆಂದು ಯಾರು ಹೇಳಬಲ್ಲರು?

ಇನ್ನೊಂದು ಸಂಗತಿ ಇದಕ್ಕಿಂತ ಘನವಾದದ್ದು. 2025ರ ಜೂನ 12ರಂದು ಅಹಮದಾಬಾದಿನಲ್ಲಿ ಅದೇ ಕಂಪನಿಯ ಬೋಯಿಂಗ್ 787 ವಿಮಾನವು ಎದ್ದ ಅರೆಗಳಿಗೆಯಲ್ಲಿಯೇ ಬಿದ್ದು, ವಿಮಾನದೊಳಗಿನ 241 ಜನರೂ ನೆಲದ ಮೇಲಿದ್ದ 19 ಜನರೂ ಮಡಿದರು. ಎರಡೂ ಇಂಜಿನುಗಳಿಗೆ ಇಂಧನ ಬಿಡುವ ಗುಂಡಿಗಳು ಒಂದರ ಹಿಂದೊಂದು ಮುಚ್ಚಿದ ಸ್ಥಾನಕ್ಕೆ ಹೋದವೆಂದು ಜುಲೈಯ ಪ್ರಾಥಮಿಕ ವರದಿಯು ತಿಳಿಸಿತು. ಗುಂಡಿಗಳು ಕೆಟ್ಟಿದ್ದವೆಂದು ಆ ವರದಿ ಹೇಳಲಿಲ್ಲ, ನಾವೂ ಹೇಳುವದಿಲ್ಲ. ನಮ್ಮ ಮಾತು ಅದೇ ವರದಿಯಲ್ಲಿದ್ದ ಮತ್ತೊಂದು ಸಾಲಿನದು. ಇಂಥ ಗುಂಡಿಗಳ ಬೀಗವು ಕೆಲವೆಡೆ ಸಡಿಲವಾಗಿರುವದು ಕಂಡುಬಂದಿದೆ, ಪರೀಕ್ಷಿಸಿ ನೋಡಿರಿ ಎಂದು ಅಮೇರಿಕದ ವಿಮಾನಯಾನ ಖಾತೆಯು 2018ರ ಡಿಸೆಂಬರದಲ್ಲಿಯೇ ಒಂದು ಸೂಚನೆಯನ್ನು ಹೊರಡಿಸಿತ್ತು. ಅದು ಅಪ್ಪಣೆಯಲ್ಲ, ಬರಿಯ ಸಲಹೆ. ಆದುದರಿಂದ ಆ ಪರೀಕ್ಷೆಯನ್ನು ಮಾಡಿರಲಿಲ್ಲವೆಂದು ಕಂಪನಿಯು ಹೇಳಿತು. ಬೇರೆ ಕಾರಣಕ್ಕಾಗಿ ಆ ವಿಮಾನದ ಆ ಭಾಗವನ್ನು 2019 ಮತ್ತು 2023ರಲ್ಲಿ ಬದಲಾಯಿಸಲಾಗಿತ್ತೆಂಬದನ್ನೂ ನ್ಯಾಯದೃಷ್ಟಿಯಿಂದ ಹೇಳತಕ್ಕದ್ದು. ಆದರೆ ಮುಂದೇನಾಯಿತು? 2025ರ ಜುಲೈ 14ರಂದು ನಮ್ಮ ನಿರ್ದೇಶನಾಲಯವು ತಾಕೀದು ಮಾಡಿ, 21ರೊಳಗೆ ಈ ಗುಂಡಿಗಳನ್ನು ಪರೀಕ್ಷಿಸಬೇಕೆಂದಿತು. ಪರೀಕ್ಷಿಸಿದರು, ದೋಷವಿಲ್ಲವೆಂದು ಏರ್ ಇಂಡಿಯಾ ತಿಳಿಸಿತು. ಏಳು ದಿನಗಳಲ್ಲಿ ಆಗುವ ಕೆಲಸವು ಆರು ವರ್ಷಗಳಿಗೂ ಮಿಕ್ಕಿ ಕಡ್ಡಾಯವಾಗದೆ ಉಳಿದಿತ್ತು! ಕಡ್ಡಾಯವಿಲ್ಲದ್ದು ಬೇಕಾಗಿಯೂ ಇಲ್ಲ ಎಂಬ ಈ ಮನೋಧರ್ಮವೇ ನಮ್ಮನ್ನು ಹೆದರಿಸುವದು. ನಮ್ಮ ರೈತನಿಗೆ ಕಡಾಣಿಯನ್ನು ಮುಟ್ಟಿ ನೋಡೆಂದು ಯಾವ ಸರಕಾರವೂ ತಾಕೀದು ಮಾಡಿಲ್ಲ.

ಆ ದುರಂತದ ಬಳಿಕ ನಿರ್ದೇಶನಾಲಯವು ದೇಶದ ಮುಖ್ಯ ನಿಲ್ದಾಣಗಳಲ್ಲಿ ವಿಶೇಷ ತಪಾಸಣೆ ನಡೆಸಿ, 2025ರ ಜೂನ 24ರಂದು ತಾನು ಕಂಡುದನ್ನು ಪ್ರಕಟಿಸಿತು. ಒಮ್ಮೆ ವರದಿಯಾದ ದೋಷವು ಅದೇ ವಿಮಾನದಲ್ಲಿ ಮತ್ತೆ ಮತ್ತೆ ತಲೆಯೆತ್ತಿದೆ; ಸವೆದ ಟಾಯರಿನಿಂದಾಗಿ ಒಂದು ವಿಮಾನವನ್ನು ತಡೆಹಿಡಿಯಬೇಕಾಯಿತು; ಇಂಥವು ಆ ಪಟ್ಟಿಯಲ್ಲಿದ್ದವು. ತಪಾಸಣೆ ಮಾಡಿದುದೂ ಪ್ರಕಟಿಸಿದುದೂ ಒಳ್ಳೆಯದು. ಆದರೆ ಊರು ಹತ್ತಿ ಉರಿದ ಮೇಲೆ ಬಾವಿಯ ನೀರನ್ನು ಅಳೆಯುವ ಪದ್ಧತಿ ಎಷ್ಟು ದಿನ? ಅದೇ ವರ್ಷ ಸಂಸತ್ತಿನ ಸ್ಥಾಯೀ ಸಮಿತಿಯು ಈ ನಿರ್ದೇಶನಾಲಯದ ಮಂಜೂರಾದ ಹುದ್ದೆಗಳಲ್ಲಿ ಸುಮಾರು ಅರ್ಧದಷ್ಟು ಖಾಲಿ ಇವೆಯೆಂದು ಎತ್ತಿ ತೋರಿಸಿತು. ದಿನದಿನಕ್ಕೆ ವಿಮಾನಗಳು ಹೆಚ್ಚುತ್ತವೆ. ನೋಡುವ ಕಣ್ಣುಗಳು ಅರ್ಧ. ಹೊಲ ದೊಡ್ಡದು ಮಾಡಿ ಕಾವಲುಗಾರನನ್ನು ಕಡಿಮೆ ಮಾಡಿದವನಿಗೆ ಬೆಳೆ ಯಾರ ಪಾಲಾಗುವದೆಂದು ಹೇಳಬೇಕಾಗಿಲ್ಲ.

ನಮ್ಮ ಮಾತಿಗೆ ಒಂದು ಆಕ್ಷೇಪವಿದೆ. ಕನ್ನಡ ನೆಲದ ಮೇಲೆ ಆದ ಎರಡು ಮಹಾ ದುರಂತಗಳು, ಅಂದರೆ 92 ಜನರನ್ನು ಬಲಿ ತೆಗೆದುಕೊಂಡ 1990ರ ಫೆಬ್ರುವರಿ 14ರ ಬೆಂಗಳೂರಿನದೂ, 158 ಜನರನ್ನು ಬಲಿ ತೆಗೆದುಕೊಂಡ 2010ರ ಮೇ 22ರ ಮಂಗಳೂರಿನದೂ, ಯಂತ್ರದೋಷದಿಂದ ಆದವುಗಳಲ್ಲ. ವಿಚಾರಣೆಗಳು ವೈಮಾನಿಕರ ತಪ್ಪನ್ನೇ ಎತ್ತಿ ಹೇಳಿದವು. ಹೀಗಿರಲು ಯಂತ್ರದ ತಪಾಸಣೆಗೆ ಇಷ್ಟೊಂದು ಗದ್ದಲವೇಕೆ ಎಂದು. ಇದಕ್ಕೆ ನಮ್ಮ ಸಮಾಧಾನ ಹೀಗಿದೆ. ಯಂತ್ರವು ತಪ್ಪಿತಸ್ಥನ ಸ್ಥಾನದಲ್ಲಿ ನಿಲ್ಲದೆ ಹೋದುದೇ ಹೆಸರಿಲ್ಲದ ಯಂತ್ರಜ್ಞರ ಕೆಲಸಕ್ಕೆ ದೊರೆತ ಸಾಕ್ಷಿ. ಆ ಕೆಲಸ ತಪ್ಪಿದರೆ ಆಗುವದೇನೆಂಬದನ್ನು ಜಪಾನು ಕಲಿತಿದೆ. 1978ರಲ್ಲಿ ಬಾಲವನ್ನು ನೆಲಕ್ಕೆ ತಾಗಿಸಿಕೊಂಡ ಜಪಾನ್ ಏರ್‌ಲೈನ್ಸ್ ಕಂಪನಿಯ ಬೋಯಿಂಗ್ 747 ಒಂದನ್ನು ತಯಾರಕ ಕಂಪನಿಯ ಕುಶಲರೇ ದುರಸ್ತಿ ಮಾಡಿದರು. ಹಿಂಬದಿಯ ಗೋಡೆಗೆ ಒಂದೇ ತುಂಡಾಗಿ ಕೂಡ್ರಿಸಬೇಕಾಗಿದ್ದ ಜೋಡುಹಲಗೆಯನ್ನು ಎರಡಾಗಿ ಕೂಡ್ರಿಸಿದರು. ಕಾಗದಗಳೆಲ್ಲ ಸರಿಯಾಗಿದ್ದವು. ವಿಮಾನವು ಏಳು ವರ್ಷ ಹಾರಿತು. 1985ರ ಆಗಸ್ಟ 12ರಂದು ಆ ಗೋಡೆ ಒಡೆದು ವಿಮಾನ ಬೆಟ್ಟಕ್ಕೆ ಬಡಿಯಿತು. 520 ಜನ ಸತ್ತರು. ಸಹಿಯೊಂದೇ ಇದ್ದು, ಅದರ ಹಿಂದಿನ ಕೆಲಸ ಸುಳ್ಳಾದರೆ, ಸುಳ್ಳು ಏಳು ವರ್ಷ ಕಾದು ಕುಳಿತೂ ತನ್ನ ಬೆಲೆಯನ್ನು ವಸೂಲು ಮಾಡಿಕೊಳ್ಳುತ್ತದೆ. ದೊಡ್ಡ ದೇಶ, ದೊಡ್ಡ ಕಂಪನಿಯೆಂಬ ಬಿರುದುಗಳು ಅಲ್ಲಿ ನೆರವಿಗೆ ಬರಲಿಲ್ಲ.

ಇದು ನಮ್ಮವರ ಕೈಯಿಂದ ಆಗದ ಕೆಲಸವೆಂದು ಯಾರೂ ಹೇಳಲಾಗದು. ವಾಲಚಂದ ಹಿರಾಚಂದರು ಮೈಸೂರು ಸರಕಾರದ ಸಹಾಯದಿಂದ 1940ರ ಡಿಸೆಂಬರದಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ ವಿಮಾನ ಕಾರ್ಖಾನೆಯನ್ನು ನಿಲ್ಲಿಸಿದರು. ಮಹಾಯುದ್ಧ ಮುಗಿದ ಮೇಲೆ ಪರದೇಶದ ಸೈನ್ಯಗಳು ಕಾನಪುರದಲ್ಲಿ ತಮ್ಮ ಲಿಬರೇಟರ್ ಬಾಂಬು ವಿಮಾನಗಳನ್ನು ಮತ್ತೆ ಯಾರೂ ಹಾರಿಸದಂತೆ ಕೆಡಿಸಿ ಬಿಟ್ಟುಹೋಗಿದ್ದವು. ಬೆಂಗಳೂರಿನ ಕುಶಲರು ಅಲ್ಲಿಗೆ ಹೋಗಿ ಅವುಗಳಲ್ಲಿ ನಲ್ವತ್ತನ್ನು ಮಿಕ್ಕಿ ಎಬ್ಬಿಸಿ ನಿಲ್ಲಿಸಿದರು; ಕಾರ್ಖಾನೆಯ ವೈಮಾನಿಕರಾದ ಜಮ್ಶೇದ ಮುನ್ಷಿಯವರು ಒಂದೊಂದನ್ನಾಗಿ ಬೆಂಗಳೂರಿಗೆ ಹಾರಿಸಿ ತಂದರು. 1948ರಲ್ಲಿ ನಮ್ಮ ವಾಯುದಳದ ಭಾರಿ ಬಾಂಬು ವಿಮಾನಗಳ ತುಕಡಿ ಹುಟ್ಟಿದುದು ಈ ವಿಮಾನಗಳಿಂದ. ಅವು 1968ರವರೆಗೆ ಸೇವೆ ಮಾಡಿದವು. ಇಲ್ಲಿ ಒಂದು ಭೇದವನ್ನು ಮರೆಯಬಾರದು. ಕಾನಪುರದಿಂದ ಬೆಂಗಳೂರಿಗೆ ತಂದುದು ಸಾಹಸ. ಇಪ್ಪತ್ತು ವರ್ಷ ಹಾರಿಸಿದುದು ಸಾಹಸವಲ್ಲ; ಬೆಂಗಳೂರಿನ ದುರಸ್ತಿಶಾಲೆಯ ತಾಳ್ಮೆ. ದೇಶಕ್ಕೆ ಎರಡೂ ಬೇಕು. ಆದರೆ ಪ್ರಯಾಣಿಕನನ್ನು ಕೂಡ್ರಿಸಿಕೊಳ್ಳುವ ಹಕ್ಕು ಎರಡನೆಯದಕ್ಕೆ ಮಾತ್ರ.

ಸ್ವದೇಶಿಯ ಅಭಿಮಾನವೂ ಈ ವಿಷಯದಲ್ಲಿ ಕುರುಡಾಗಬಾರದು. ಅದೇ ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಧ್ರುವ ಹೆಲಿಕಾಪ್ಟರು ನಮ್ಮ ಹೆಮ್ಮೆ. 2025ರ ಜನವರಿ 5ರಂದು ಕರಾವಳಿ ಪಡೆಯ ಧ್ರುವವೊಂದು ಪೋರಬಂದರದಲ್ಲಿ ಬಿದ್ದು ಮೂವರು ಮಡಿದಾಗ, ದೇಶದೊಳಗಿನ ಧ್ರುವಗಳನ್ನೆಲ್ಲ ನೆಲಕ್ಕಿಳಿಸಿದರು. ತಿಂಗಳುಗಟ್ಟಲೆ ಸೈನ್ಯಕ್ಕೆ ತೊಂದರೆಯಾಯಿತು. ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿಯೂ ಅವು ಕಾಣಲಿಲ್ಲ. ಕೆಲವರು ಇದನ್ನು ದೇಶದ ಅವಮಾನವೆಂದರು. ನಾವು ಹಾಗೆ ತಿಳಿಯುವದಿಲ್ಲ. ತಾನು ಹೆತ್ತುದನ್ನು ತಾನೇ ನಿಲ್ಲಿಸಿ, ದೋಷವನ್ನು ಹುಡುಕಿ, ಆ ಬಳಿಕವೇ ಹೊರಡು ಎನ್ನುವ ಧೈರ್ಯವುಳ್ಳ ದೇಶವೇ ಸ್ವತಂತ್ರ ದೇಶ. ಹಾರಿಸುವ ಧೈರ್ಯಕ್ಕಿಂತ ನಿಲ್ಲಿಸುವ ಧೈರ್ಯವು ಕೆಲವೊಮ್ಮೆ ದೊಡ್ಡದು.

ಹೀಗಿರುವದರಿಂದ ನಾವು ಸರಕಾರಕ್ಕೂ ಕಂಪನಿಗಳಿಗೂ ಜನರಿಗೂ ಕೆಲವು ಮಾತುಗಳನ್ನು ಹೇಳಬಯಸುತ್ತೇವೆ. ನಿರ್ದೇಶನಾಲಯದ ಖಾಲಿ ಹುದ್ದೆಗಳನ್ನು ಮುದ್ದತು ಹಾಕಿ ತುಂಬಬೇಕು. ಇದಕ್ಕೆ ಹಣವಿಲ್ಲವೆಂಬ ನೆಪವನ್ನು ನಾವು ಕೇಳಲಾರೆವು. ಹೊರಗಿನಿಂದ ಬರುವ ಸಲಹೆಗಳನ್ನೆಲ್ಲ ಕಡ್ಡಾಯಮಾಡಿರೆಂದು ನಾವು ಹೇಳುವದಿಲ್ಲ. ಆದರೆ ಪ್ರಾಣಕ್ಕೆ ಸಂಬಂಧಿಸಿದ ಸಲಹೆಯನ್ನು ಪಾಲಿಸದ ಕಂಪನಿಯು ಪಾಲಿಸದಿರಲು ಕಾರಣವೇನೆಂದು ಬರಹದಲ್ಲಿ ಕೊಡಬೇಕು, ಅದಕ್ಕೊಬ್ಬ ಹಿರಿಯ ಅಧಿಕಾರಿಯು ಸಹಿ ಮಾಡಬೇಕು. ಮಾಡಿದ್ದಕ್ಕೆ ಕಿರಿಯ ಯಂತ್ರಜ್ಞನ ಸಹಿ ಬೇಕಾದರೆ, ಮಾಡದಿದ್ದುದಕ್ಕೆ ಹಿರಿಯನ ಸಹಿ ಬೇಡವೆ? ಎಲ್ಲಕ್ಕೂ ಮಿಗಿಲಾಗಿ, "ಈ ವಿಮಾನಕ್ಕೆ ನಾನು ಸಹಿ ಮಾಡಲಾರೆ" ಎಂದ ಯಂತ್ರಜ್ಞನ ಸಂಬಳಕ್ಕೂ ಬಡತಿಗೂ ಕೂದಲೆಳೆಯಷ್ಟು ಕುಂದು ಬಾರದಂತೆ ಕಾಯಿದೆಯು ಅವನ ಬೆನ್ನಿಗೆ ನಿಲ್ಲಬೇಕು. ಸಹಿ ಮಾಡದಿರುವ ಸ್ವಾತಂತ್ರ್ಯವಿಲ್ಲದವನ ಸಹಿಗೆ ಬೆಲೆಯಿಲ್ಲ.

ನಮ್ಮ ತಾಲೂಕುಗಳ ತರುಣರಿಗೂ ಇದರಲ್ಲಿ ದಾರಿಯುಂಟು. ನಮ್ಮ ವಿಮಾನಗಳ ಇಂಜಿನುಗಳಲ್ಲಿ ಬಹುಪಾಲು ಕೂಲಂಕಷ ದುರಸ್ತಿಗಾಗಿ ಪರದೇಶಗಳಿಗೆ ಹೋಗಿ ಬರುತ್ತ ಬಂದಿವೆ. ಈಗ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಇಂಡಿಗೋ, ಏರ್ ಇಂಡಿಯಾ ಕಂಪನಿಗಳು ವಿಮಾನಗಳ ದೊಡ್ಡ ದುರಸ್ತಿಶಾಲೆಗಳಿಗೆ ಕೈಹಾಕಿವೆ. ಅಲ್ಲಿ ಕೆಲಸ ಮಾಡುವ ಕೈಗಳು ಎಲ್ಲಿಂದ ಬರಬೇಕು? ಹನ್ನೆರಡನೆಯ ಇಯತ್ತೆಯಲ್ಲಿ ಭೌತ, ರಸಾಯನ, ಗಣಿತಗಳನ್ನು ಓದಿದ ಹಾನಗಲ್ಲದ ಹುಡುಗನೂ ಶಿಗ್ಗಾಂವದ ಹುಡುಗಿಯೂ ತರಬೇತಿ ಪಡೆದು, ಪರೀಕ್ಷೆಗಳನ್ನು ಗೆದ್ದು, ಅನುಭವದ ವರ್ಷಗಳನ್ನು ತುಂಬಿ ಈ ಪರವಾನಿಗೆಯನ್ನು ಪಡೆಯಬಹುದು. ನಮ್ಮಲ್ಲಿ ಅದನ್ನು ಹೇಳಿಕೊಡುವವರು ಇಲ್ಲ. ಈ ಸುದ್ದಿಯನ್ನು ಕಾಲೇಜು ಕಾಲೇಜಿಗೆ ಮುಟ್ಟಿಸುವದು ಶಿಕ್ಷಣ ಖಾತೆಯ ಕರ್ತವ್ಯ. ಬಡವರ ಮಕ್ಕಳಿಗೆ ಶುಲ್ಕದ ನೆರವು ಕೊಡುವದು ಸರಕಾರದ ಕರ್ತವ್ಯ. ಕಡಾಣಿಯ ಬೆಲೆ ಬಲ್ಲ ಮನೆಯ ಮಕ್ಕಳಿಗಿಂತ ಈ ಕೆಲಸಕ್ಕೆ ಅರ್ಹರು ಯಾರು?

ಕೊನೆಯ ಮಾತು ಪ್ರಯಾಣಿಕರಾದ ನಮಗೆ. ವಿಮಾನದ ಯೋಗ್ಯತೆಯನ್ನು ನಿರ್ದೇಶನಾಲಯವು ಪರೀಕ್ಷಿಸುತ್ತದೆ; ಪ್ರಯಾಣಿಕನ ಯೋಗ್ಯತೆಯನ್ನು ಪರೀಕ್ಷಿಸುವವರು ಯಾರೂ ಇಲ್ಲ. ಕಂಪನಿಗಳು ಯಂತ್ರಜ್ಞನನ್ನು ಅವಸರಪಡಿಸುವದು ನಮ್ಮ ಬೈಗಳಕ್ಕೆ ಹೆದರಿಯೇ ಎಂಬದನ್ನು ನಾವು ಒಪ್ಪಿಕೊಳ್ಳಬೇಕು. ಕಾರಣ ಹೇಳದೆ ತಡಮಾಡಿದವರನ್ನು ಧಾರಾಳವಾಗಿ ಕೇಳಿರಿ. ಅದು ನಿಮ್ಮ ಹಕ್ಕು. ಆದರೆ "ವಿಮಾನವನ್ನು ಪರೀಕ್ಷಿಸುತ್ತಿದ್ದೇವೆ" ಎಂಬ ಉತ್ತರ ಬಂದಾಗ ಸುಮ್ಮನೆ ಕುಳಿತುಕೊಳ್ಳಿರಿ. ಮುಂದಿನ ಸಲ ಹುಬ್ಬಳ್ಳಿಯಲ್ಲಿ ಆ ಕೈದೀಪದ ತರುಣನನ್ನು ಕಂಡರೆ ನಾವಂತೂ ಗಡಿಯಾರ ನೋಡುವದಿಲ್ಲ. ಅವನು ತನ್ನ ಕೆಲಸವನ್ನು ಮುಗಿಸಿ, ಮನಸ್ಸಾಕ್ಷಿಯಾಗಿ ಸಹಿ ಮಾಡುವವರೆಗೆ ಕಾಯುತ್ತೇವೆ.